ಕಿವಿ ಬಂದ ಮಗುವಿನಿಂದ ಕನ್ನಡವನ್ನು ಕಸಿಯದಿರೋಣ



ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಿದ ಮನೆಗಳಲ್ಲಿ ಒಂದು ಸಲಹೆ ಮತ್ತೆ ಮತ್ತೆ ಕೇಳಿಬರುತ್ತದೆ: "ಇನ್ನು ಮೇಲೆ ಇಂಗ್ಲಿಷಿನಲ್ಲಷ್ಟೇ ಮಾತನಾಡಿಸಿ, ಕನ್ನಡ ಸೇರಿದರೆ ಮಗುವಿಗೆ ಗೊಂದಲವಾಗುತ್ತದೆ." ಬಂಧುಗಳು ಹೇಳುತ್ತಾರೆ, ಸ್ನೇಹಿತರು ಹೇಳುತ್ತಾರೆ, ಕೆಲವೊಮ್ಮೆ ಚಿಕಿತ್ಸಕರೂ ಹೇಳುತ್ತಾರೆ. ಸದುದ್ದೇಶದ ಈ ಸಲಹೆಯನ್ನು ನಾವು ಒಪ್ಪಬಾರದು.

ಮೊದಲು ಸಾಧನದ ಆಯ್ಕೆಯನ್ನು ನೋಡೋಣ. ಹೊರಗಿವಿ ಅಥವಾ ನಡುಗಿವಿಯಲ್ಲಿ ಶಬ್ದದ ದಾರಿ ಮುಚ್ಚಿದ್ದು ಒಳಗಿವಿ ಸುಸ್ಥಿತಿಯಲ್ಲಿದ್ದರೆ, ತಲೆಬುರುಡೆಯ ಮೂಳೆಯ ಮೂಲಕ ಕಂಪನವನ್ನು ಒಯ್ಯುವ ಸಾಧನ ಉಪಯುಕ್ತ. ಇಂಥ ಸಾಧನವನ್ನು ಮೂಳೆಗೆ ಬೆಸೆಯುವ ವಿಧಾನ 1977ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾಯಿತು. ಎಳೆಯ ಮಕ್ಕಳ ತಲೆಬುರುಡೆ ತೆಳುವಾದುದರಿಂದ, ಅವರು ಶಸ್ತ್ರಚಿಕಿತ್ಸೆಯಿಲ್ಲದೆ ತಲೆಪಟ್ಟಿಯ ಮೇಲೆಯೇ ಅದನ್ನು ಧರಿಸಬಹುದು. ಒಳಗಿವಿಯೇ ತೀವ್ರವಾಗಿ ಕೆಟ್ಟು ಸಾಮಾನ್ಯ ಶ್ರವಣಯಂತ್ರ ಫಲ ನೀಡದಿದ್ದಾಗ, ಶ್ರವಣನರವನ್ನು ವಿದ್ಯುತ್ತಿನಿಂದ ನೇರವಾಗಿ ಪ್ರಚೋದಿಸುವ ಕಾಕ್ಲಿಯರ್ ಇಂಪ್ಲಾಂಟ್ ಬೇಕಾಗುತ್ತದೆ. ಆದ್ದರಿಂದ ಆಯ್ಕೆಗೆ ಶ್ರವಣಪರೀಕ್ಷೆಯೇ ಆಧಾರವಾಗಬೇಕು, ಜಾಹೀರಾತಲ್ಲ. ಹೊರಭಾಗದ ಪ್ರೊಸೆಸರನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸುವ ವೆಚ್ಚ, ಎಂಆರ್‌ಐ ಮಾಡಿಸುವಾಗಿನ ನಿರ್ಬಂಧ, ಇಲ್ಲಿಯೂ ಕರ್ನಾಟಕದಲ್ಲಿಯೂ ದುರಸ್ತಿಯ ಸೌಲಭ್ಯ, ಈ ಮೂರನ್ನೂ ಮುಂಚಿತವಾಗಿಯೇ ಕೇಳಿ ತಿಳಿಯಿರಿ.

ಮಲೇಷ್ಯಾದಲ್ಲಿ ಪರಿಣತಿಗೆ ಕೊರತೆಯಿಲ್ಲ. ಇಲ್ಲಿನ ಕೆಬಾಂಗ್ಸಾನ್ ವಿಶ್ವವಿದ್ಯಾಲಯ 1995ರಲ್ಲಿಯೇ ಕಾಕ್ಲಿಯರ್ ಇಂಪ್ಲಾಂಟ್ ಕಾರ್ಯಕ್ರಮವನ್ನು ಆರಂಭಿಸಿತು. ಆದರೆ ಸಾಧನ ಮೆದುಳಿಗೆ ತಲುಪಿಸುವುದು ಸಂಕೇತಗಳನ್ನು ಮಾತ್ರ. ಅವುಗಳಿಗೆ ಅರ್ಥ ಕೂಡುವುದು, ಮಗು ಎಚ್ಚರವಿರುವಷ್ಟು ಹೊತ್ತೂ ಸಾಧನ ತೊಟ್ಟು, ಮನೆಯವರ ಮಾತನ್ನು ದಿನವೂ ಕೇಳಿದಾಗ. ಕನ್ನಡದಲ್ಲಿ ಕಥೆ ಹೇಳಿ, ರೇಗಿಸಿ, ಗದರಿಸಿ, ಮುದ್ದಿಸಬಲ್ಲ ತಾಯಿ ಒಲ್ಲದ ಇಂಗ್ಲಿಷಿಗೆ ಹೊರಳಿದರೆ ಉಳಿಯುವುದು "ಕಮ್, ಈಟ್, ಸ್ಲೀಪ್" ಎಂಬ ಆಜ್ಞೆಗಳಷ್ಟೆ. ಅಷ್ಟು ಬಡವಾದ ಮಾತಿನಿಂದ ಯಾವ ಮಗು ತಾನೇ ಭಾಷೆ ಕಲಿತೀತು?

ಮನೆಮಾತು ಶಾಲೆಯ ಭಾಷೆಗೆ ಅಡ್ಡಿಯಾಗುತ್ತದೆಂಬ ಭಯವನ್ನು ಇಂಪ್ಲಾಂಟ್ ಪಡೆದ ದ್ವಿಭಾಷಿಕ ಮಕ್ಕಳ ಕುರಿತ ಹಲವು ಅಧ್ಯಯನಗಳು ಸಮರ್ಥಿಸಿಲ್ಲ. ಮಲಯ, ಚೀನೀ, ತಮಿಳು, ಇಂಗ್ಲಿಷ್ ನಿತ್ಯವೂ ಕಿವಿಗೆ ಬೀಳುವ ಈ ನಾಡಿನಲ್ಲಿ, ಕನ್ನಡವೊಂದೇ ಹೊರೆಯೆನ್ನುವುದು ಯಾವ ನ್ಯಾಯ?

ತಡವಾಗಿ ಇಂಪ್ಲಾಂಟ್ ಪಡೆದ ಅಥವಾ ಬೇರೆ ತೊಡಕುಗಳೂ ಇರುವ ಮಗುವಿಗೆ ಮೊದಲು ಒಂದು ಭಾಷೆಯನ್ನು ಗಟ್ಟಿಗೊಳಿಸಬೇಕಾಗಬಹುದು; ಕೆಲವು ಮಕ್ಕಳಿಗೆ ಸನ್ನೆಭಾಷೆಯೂ ಬೇಕಾಗಬಹುದು. ಅದನ್ನು ಆ ಮಗುವನ್ನು ಪರೀಕ್ಷಿಸಿದ ತಜ್ಞರೊಡನೆ ಕೂತು ನಿರ್ಧರಿಸಬೇಕೇ ಹೊರತು, ಎಲ್ಲರಿಗೂ ಒಂದೇ ನಿಯಮವನ್ನು ಹೇರಬಾರದು. ಇಲ್ಲಿನ ಚಿಕಿತ್ಸಕರಿಗೆ ಕನ್ನಡ ಬಾರದಿದ್ದರೆ, ವಾರದ ಗುರಿಗಳನ್ನು ಅವರಿಂದ ಇಂಗ್ಲಿಷಿನಲ್ಲಿ ಪಡೆದು ಮನೆಯಲ್ಲಿ ಕನ್ನಡದಲ್ಲಿ ಅಭ್ಯಾಸ ಮಾಡಿಸಬಹುದು. ಊರಿಗೆ ಹೋದಾಗ, 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡ ಬಲ್ಲ ತಜ್ಞರ ಸಲಹೆ ಪಡೆಯಬಹುದು.

ಊರಿನಲ್ಲಿರುವ ಅಜ್ಜಿ ಫೋನಿನಲ್ಲಿ "ಊಟ ಆಯ್ತಾ ಕಂದಾ?" ಎಂದು ಕೇಳಿದಾಗ ಆ ಮಗು ತಾನೇ ಉತ್ತರಿಸಬೇಕು. ಇಷ್ಟೆಲ್ಲ ಖರ್ಚು ಮಾಡಿ, ಶಸ್ತ್ರಚಿಕಿತ್ಸೆಯ ಆತಂಕವನ್ನೂ ದಾಟಿ ಮಗುವಿಗೆ ಕಿವಿ ತಂದುಕೊಟ್ಟಿರುವ ನಾವು, ಅಜ್ಜಿಯ ಮಾತನ್ನೇ ಅದಕ್ಕೆ ಅಪರಿಚಿತವಾಗಿಸುವುದು ಬೇಡ.