ಕೊರತೆಯ ಪಟ್ಟಿಯನ್ನು ನಂಬಿ ಹೊಲ ಒತ್ತೆಯಿಡಬೇಕೆ?

2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರ್ಕಾರವು ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯಕ್ಕೆ ಕುಶಲ ಕೆಲಸಗಾರರನ್ನು ಕಳುಹಿಸುವ ಒಪ್ಪಂದಕ್ಕೆ ಸಹಿ ಹಾಕಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಜರ್ಮನಿಯು ಕುಶಲ ಭಾರತೀಯರಿಗೆ ನೀಡುವ ವಾರ್ಷಿಕ ವೀಸಾಗಳ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಘೋಷಿಸಿತು. ಪುಣೆಯಲ್ಲಿ ನೆಲೆಸಿರುವ ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿ ಕಡೆಯ ನಮ್ಮ ಕುಟುಂಬಗಳಿಗೆ ಇದು ಶುಭವಾರ್ತೆಯೇ ಸರಿ. ಆದರೆ 'ಅಲ್ಲಿ ಜನರ ಕೊರತೆಯಿದೆ, ಆದುದರಿಂದ ಕೆಲಸ ಖಚಿತ' ಎಂಬ ತರ್ಕವನ್ನು ನಂಬಿ ಊರಿನ ಹೊಲವನ್ನು ಒತ್ತೆಯಿಡುವುದು ಶುದ್ಧ ಅವಿವೇಕ.

ಕೊರತೆಯ ಪಟ್ಟಿ ಎಷ್ಟು ಅಸ್ಥಿರವೆಂಬುದನ್ನು ಬ್ರಿಟನ್ ತೋರಿಸಿಕೊಟ್ಟಿದೆ. 2022ರ ಫೆಬ್ರವರಿಯಲ್ಲಿ ಆ ದೇಶ ವೃದ್ಧರ ಆರೈಕೆಯ ಕೆಲಸವನ್ನು ಕೊರತೆಯ ಉದ್ಯೋಗಗಳ ಪಟ್ಟಿಗೆ ಸೇರಿಸಿತು. 2024ರ ಮಾರ್ಚ್ 11ರಿಂದ ಆ ಕೆಲಸಗಾರರು ಹೆಂಡತಿ, ಗಂಡ, ಮಕ್ಕಳನ್ನು ಕರೆತರುವಂತಿಲ್ಲವೆಂದಿತು. 2025ರ ಜುಲೈ 22ರಂದು ಹೊರದೇಶಗಳಿಂದ ಹೊಸ ನೇಮಕವನ್ನೇ ನಿಲ್ಲಿಸಿತು. ಮೂರೂವರೆ ವರ್ಷಗಳಲ್ಲಿ ಬ್ರಿಟನ್ನಿನ ವೃದ್ಧರಿಗೆ ಆರೈಕೆ ಬೇಡವಾಯಿತೆ? ಇಲ್ಲ. ಬದಲಾದದ್ದು ವಲಸೆಯ ಕುರಿತಾದ ರಾಜಕೀಯ. ಉದ್ಯೋಗದಾತನು ಪರವಾನಗಿ ಕಳೆದುಕೊಂಡರೆ ಕೆಲಸಗಾರನಿಗೆ ಬೇರೆ ಕೆಲಸ ಹುಡುಕಲು ಅಲ್ಲಿ ಸಾಮಾನ್ಯವಾಗಿ ದೊರೆಯುವುದು 60 ದಿನ ಮಾತ್ರ. ಸಾಲದ ಕಂತಿಗೆ ಅಂತಹ ವಿನಾಯಿತಿಯೂ ಇಲ್ಲ.

ಈ ವ್ಯವಹಾರದ ಲೆಕ್ಕವನ್ನು ಬಿಡಿಸಿ ನೋಡಬೇಕು. ಉದ್ಯೋಗದಾತನಿಗೆ ದುಡಿಯುವ ಕೈ, ಆ ಸರ್ಕಾರಕ್ಕೆ ತೆರಿಗೆ, ಮಧ್ಯವರ್ತಿಗೆ ಮುಂಗಡ ಹಣ. ನಿಯಮ ಬದಲಾದಾಗ ನಷ್ಟವೆಲ್ಲ ಕುಟುಂಬದ ಪಾಲು. 1983ರ ವಲಸೆ ಕಾಯ್ದೆಯಂತೆ ವಿದೇಶೀ ಉದ್ಯೋಗಕ್ಕೆ ನೇಮಕ ಮಾಡುವ ಮಧ್ಯವರ್ತಿಯು ನೋಂದಣಿ ಪಡೆದಿರಲೇಬೇಕು. ನಿಯಮಗಳ ಪ್ರಕಾರ ಅವನು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಳ ಮಾತಾಡುವವನ ಮುಂದೆ ಈ ಮಿತಿಯನ್ನು ಎತ್ತಲು ನಮ್ಮ ಹಿರಿಯರು ಸಂಕೋಚಪಡುವುದೇಕೆ? ನೆಂಟನೆಂಬ ದಾಕ್ಷಿಣ್ಯಕ್ಕೆ ರಸೀದಿಯಿಲ್ಲದೆ ಹಣ ಕೊಡುವುದೇಕೆ?

ನಮ್ಮ ಅಜ್ಜಂದಿರೂ ಸಾಹಸ ಮಾಡಿಯೇ ಪುಣೆಗೆ ಬಂದರೆಂದು ಕೆಲವರು ವಾದಿಸುತ್ತಾರೆ. ಬಂದದ್ದು ನಿಜ. ಆದರೆ ಒಂದು ಅಂಗಡಿಯ ಕೆಲಸ ಹೋದರೆ ಊರು ಬಿಡಬೇಕೆಂದು ಅವರಿಗೆ ಯಾರೂ ಹೇಳಲಿಲ್ಲ. ಪಕ್ಕದ ಅಂಗಡಿಗೆ ಹೋಗಲು ಅವರು ಸ್ವತಂತ್ರರಾಗಿದ್ದರು.

ಮಕ್ಕಳು ಹೋಗಬಾರದೆಂದಲ್ಲ, ಸಿದ್ಧರಾಗಿ ಹೋಗಬೇಕು. ಜರ್ಮನಿಯಲ್ಲಿ ದಾದಿಯ ಅರ್ಹತೆಗೆ ಮಾನ್ಯತೆ ದೊರೆಯಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಅದನ್ನು ಪುಣೆಯಲ್ಲೇ ಕಲಿಯಬಹುದು. ನಾಳೆ ವೀಸಾ ನಿಯಮ ಬದಲಾದರೂ ಕಲಿತ ಭಾಷೆಗೆ ಇಲ್ಲಿಯೂ ಬೆಲೆಯಿದೆ. ಮಧ್ಯವರ್ತಿಗೆ ಕೊಟ್ಟ ಹಣ ಮರಳದು.

1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆಯು ರೈತರ ಮಕ್ಕಳು ಓದಲೆಂದು ವಿದ್ಯಾರ್ಥಿನಿಲಯಗಳನ್ನು ಕಟ್ಟಿತು. ಶಾಸ್ತ್ರದಾನಕ್ಕೆ ಆ ಕಾಲದವರು ಕಂಡುಕೊಂಡ ಅರ್ಥ ಅದು. ಇಂದಿನ ಟ್ರಸ್ಟುಗಳು ಮಹೋತ್ಸವದ ಮಂಟಪಕ್ಕೆ ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ಭಾಷಾ ತರಗತಿ ಮತ್ತು ಮಾನ್ಯತಾ ಪರೀಕ್ಷೆಗಳ ಶುಲ್ಕಕ್ಕೆ ಬಡ್ಡಿಯಿಲ್ಲದ ಸಾಲವಾಗಿ ನೀಡಲಿ. ಉದ್ಯೋಗದ ಕರಾರನ್ನೂ ಮಧ್ಯವರ್ತಿಯ ನೋಂದಣಿಯನ್ನೂ ಉಚಿತವಾಗಿ ಪರಿಶೀಲಿಸಲು ಸಮಾಜದ ವಕೀಲರು, ಲೆಕ್ಕಪರಿಶೋಧಕರು ತಿಂಗಳಿಗೊಂದು ಭಾನುವಾರ ಕೊಡಲಿ. ಮುಂದಿನ ವಾರ್ಷಿಕ ಸಭೆಯಲ್ಲಿ ಈ ಎರಡು ಠರಾವುಗಳನ್ನು ಮಂಡಿಸುವಂತೆ ಪ್ರತಿಯೊಬ್ಬ ಸದಸ್ಯನೂ ತನ್ನ ಟ್ರಸ್ಟಿಗೆ ಲಿಖಿತವಾಗಿ ಒತ್ತಾಯಿಸಬೇಕು.