ಔಷಧ ಹೊರುವ ಆಲ್ಬುಮಿನ್

ರೋಗಿಗೆ ಮದ್ದಿನ ಜೊತೆಗೆ ಮದ್ದನ್ನು ಕರಗಿಸಿದ ದ್ರವವೂ ಕಾಟ ಕೊಟ್ಟರೆ? ಪೆಸಿಫಿಕ್ ಯೂ ಎಂಬ ಅಮೆರಿಕದ ಮರದ ತೊಗಟೆಯಲ್ಲಿ ಮೊದಲು ದೊರೆತ ಕ್ಯಾನ್ಸರ್ ಔಷಧ ಪ್ಯಾಕ್ಲಿಟ್ಯಾಕ್ಸೆಲ್‌ನ ಕಥೆ ಹೀಗೆಯೇ ಆಯಿತು. ಜೀವಕೋಶಗಳ ವಿಭಜನೆಯನ್ನು ತಡೆಯುವ ಈ ಔಷಧ ನೀರಿನಲ್ಲಿ ಕರಗದು. ಹಾಗಾಗಿ ಹರಳೆಣ್ಣೆಯಿಂದ ತಯಾರಿಸಿದ ದ್ರಾವಕವೊಂದನ್ನು ಬಳಸಬೇಕಾಯಿತು. ಅದರಿಂದ ಕೆಲವರಿಗೆ ತೀವ್ರವಾದ ಅಲರ್ಜಿ. ಅದನ್ನು ತಡೆಯಲು ಮುಂಚಿತವಾಗಿ ಬೇರೆ ಔಷಧಗಳು.

ಪರಿಹಾರ ನಮ್ಮ ರಕ್ತದಲ್ಲೇ ಇತ್ತು. ರಕ್ತದಲ್ಲಿರುವ ಆಲ್ಬುಮಿನ್ ಒಂದು ಪ್ರೋಟೀನು. ಅಂದರೆ ನಿಸರ್ಗವೇ ಹೆಣೆದ ಪಾಲಿಮರ್. ಕೊಬ್ಬಿನ ಆಮ್ಲಗಳಂಥ, ನೀರಿಗೆ ಒಗ್ಗದ ವಸ್ತುಗಳನ್ನು ಹೊತ್ತು ಸಾಗಿಸುವುದು ಅದರ ನಿತ್ಯದ ಕೆಲಸ. ವಿಜ್ಞಾನಿಗಳು ಈ ಔಷಧವನ್ನೂ ಅದಕ್ಕೇ ಹೊರಿಸಿ, ಸುಮಾರು 130 ನ್ಯಾನೊಮೀಟರ್ ಗಾತ್ರದ ಕಣಗಳನ್ನು ತಯಾರಿಸಿದರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ನ್ಯಾನೊಮೀಟರ್! ಹರಳೆಣ್ಣೆಯ ದ್ರಾವಕ ಬೇಕಿಲ್ಲವಾಯಿತು. ರಕ್ತನಾಳಕ್ಕೆ ಹನಿಸಲು ಮೂರು ಗಂಟೆ ಹಿಡಿಯುತ್ತಿದ್ದ ಔಷಧಕ್ಕೆ ಅರ್ಧ ಗಂಟೆ ಸಾಕಾಯಿತು. 2005ರಲ್ಲಿ ಅಮೆರಿಕ, ದೇಹದಲ್ಲಿ ಹರಡಿದ ಸ್ತನ ಕ್ಯಾನ್ಸರಿಗೆ ಇದನ್ನು ಬಳಸಲು ಒಪ್ಪಿಗೆ ನೀಡಿತು.

ಹಾಗೆಂದು ಇದು ರಾಮಬಾಣವಲ್ಲ. ಔಷಧವೆಲ್ಲ ಕ್ಯಾನ್ಸರ್ ಗಡ್ಡೆಗೇ ಹೋಗಿ ಸೇರುವುದಿಲ್ಲ. ಬಿಳಿ ರಕ್ತಕಣಗಳು ಕುಸಿಯುವುದು, ಕೈಕಾಲು ಜೋಮು ಹಿಡಿಯುವುದು ಇದರಲ್ಲೂ ಉಂಟು. ಹೊರುವವನು ಬದಲಾದ, ಹೊರೆ ಅದೇ. ಅದನ್ನು ಗಡ್ಡೆಗೆ ಮಾತ್ರ ತಲುಪಿಸುವುದೇ ಮುಂದಿರುವ ಕೆಲಸ.