ರಿಯಾದ್‌ನ ಗೇಮಿಂಗ್ ಕೋಟಿಗಳು: ಆಟಗಾರನ ಕೈಗೆ ಬರೋದು ಎಷ್ಟು?

2025ರ ಜುಲೈ 7ರಿಂದ ಆಗಸ್ಟ್ 24ರವರೆಗೆ ರಿಯಾದ್‌ನಲ್ಲಿ ನಡೆದ ಇಸ್ಪೋರ್ಟ್ಸ್ ವರ್ಲ್ಡ್ ಕಪ್‌ನ ಒಟ್ಟು ಬಹುಮಾನ 7 ಕೋಟಿ ಡಾಲರ್ ದಾಟಿತ್ತು. ಅಂದರೆ 26 ಕೋಟಿ ರಿಯಾಲ್‌ಗೂ ಮೇಲೆ. ಗಲ್ಫ್‌ನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಈ ಸುದ್ದಿ ಬಾಯಿಪಾಠ. "ಆಟ ಆಡಿಯೇ ಕೋಟಿ ಮಾಡ್ತಾರೆ, ನೀವು ಮಾತ್ರ ಓದು ಓದು ಅಂತೀರಿ" ಅನ್ನುವ ಮಾತಿಗೆ ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಬಂದ ಅಪ್ಪನ ಬಳಿ ಉತ್ತರ ಇರೋದಿಲ್ಲ. ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಲೆಕ್ಕ ಬಿಡಿಸಿ ನೋಡಬೇಕು.

ಮೊದಲನೆಯದಾಗಿ, ಆ 7 ಕೋಟಿಯಲ್ಲಿ 2.7 ಕೋಟಿ ಡಾಲರ್ ಇಟ್ಟಿದ್ದು ಕ್ಲಬ್‌ಗಳಿಗೆ. ಒಟ್ಟಾರೆ ಮೊದಲ ಸ್ಥಾನ ಪಡೆದ ಸೌದಿಯ ಟೀಮ್ ಫಾಲ್ಕನ್ಸ್‌ಗೆ ಸಿಕ್ಕ 70 ಲಕ್ಷ ಡಾಲರ್ ಹೋಗೋದು ಕ್ಲಬ್‌ನ ಖಾತೆಗೆ. ಅದರಲ್ಲಿ ಆಟಗಾರನಿಗೆ ಎಷ್ಟು ಅನ್ನೋದನ್ನು ಅವನ ಒಪ್ಪಂದ ಹೇಳುತ್ತದೆ. ಅದೇ ಕೂಟದ ಚೆಸ್‌ನಲ್ಲಿ ಗೆದ್ದ ಮ್ಯಾಗ್ನಸ್ ಕಾರ್ಲ್ಸನ್‌ಗೆ ಬಂದದ್ದು 2.5 ಲಕ್ಷ ಡಾಲರ್, ಸುಮಾರು 9.37 ಲಕ್ಷ ರಿಯಾಲ್. ನಮ್ಮ ಅರ್ಜುನ್ ಎರಿಗೈಸಿ ಅಲ್ಲಿ ನಾಲ್ಕನೇ ಸ್ಥಾನ ಪಡೆದರು. ಒಳ್ಳೆಯ ದುಡ್ಡೇ, ಆದರೆ ಅವರು ವಿಶ್ವದ ಅಗ್ರಶ್ರೇಣಿಯ ಗ್ರ್ಯಾಂಡ್‌ಮಾಸ್ಟರ್.

ಈ ಕ್ಷೇತ್ರದ ನಿಜವಾದ ಸ್ವರೂಪ ತಿಳಿಯಬೇಕಾದರೆ ಡೋಟಾ 2 ಆಟದ 'ದಿ ಇಂಟರ್‌ನ್ಯಾಷನಲ್' ನೋಡಬೇಕು. 2021ರಲ್ಲಿ ಅದರ ಬಹುಮಾನ 4 ಕೋಟಿ ಡಾಲರ್. ಗೆದ್ದ ಟೀಮ್ ಸ್ಪಿರಿಟ್‌ಗೆ 1.82 ಕೋಟಿ. ಇದ್ದದ್ದು 18 ತಂಡ. ಕೊನೆಯ ಎರಡು ತಂಡಗಳಿಗೆ ತಲಾ 1 ಲಕ್ಷದ ಆಸುಪಾಸು. ಐದು ಜನಕ್ಕೆ ಹಂಚಿದರೆ ತಲೆಗೆ 20 ಸಾವಿರ ಡಾಲರ್, ಅದೂ ಕ್ಲಬ್‌ನ ಪಾಲು, ತೆರಿಗೆ ಮುರಿಯುವ ಮೊದಲು. ಮೇಲಿನವನಿಗೂ ಕೆಳಗಿನವನಿಗೂ 182 ಪಟ್ಟು ವ್ಯತ್ಯಾಸ. ಆ 18ರೊಳಗೆ ಬರಲಾಗದೆ ಅರ್ಹತಾ ಸುತ್ತಿನಲ್ಲೇ ಉಳಿದ ತಂಡಗಳಿಗೆ ಆ ಬಹುಮಾನದಲ್ಲಿ ಏನೂ ಇಲ್ಲ.

ಮುಂದೆ ಆದದ್ದು ಇನ್ನೂ ಗಮನಿಸುವಂಥದ್ದು. ಆ ದೊಡ್ಡ ಮೊತ್ತ ಬರುತ್ತಿದ್ದುದೇ ಅಭಿಮಾನಿಗಳಿಂದ. ಅವರು ಕೊಳ್ಳುವ 'ಬ್ಯಾಟಲ್ ಪಾಸ್'ನ ಶೇ. 25ರಷ್ಟು ಬಹುಮಾನಕ್ಕೆ ಸೇರುತ್ತಿತ್ತು. ವಾಲ್ವ್ ಕಂಪನಿ 2023ರಲ್ಲಿ ಆ ವ್ಯವಸ್ಥೆ ಕೈಬಿಟ್ಟಿತು. ಬಹುಮಾನ 30 ಲಕ್ಷ ಡಾಲರ್ ಆಸುಪಾಸಿಗೆ ಇಳಿಯಿತು. ಆಟಗಾರರ ಕೈಚಳಕ ಏನೂ ಕಮ್ಮಿಯಾಗಿರಲಿಲ್ಲ. ಕ್ರಿಕೆಟ್‌ಗೆ ಮಾಲೀಕರಿಲ್ಲ, ಗೇಮ್‌ಗೆ ಇದ್ದಾರೆ. ಭಾರತದಲ್ಲಂತೂ ಸರ್ಕಾರದ ಆದೇಶವೂ ಇದೆ: 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧ, 2022ರ ಜುಲೈನಲ್ಲಿ ಬಿಜಿಎಂಐ ಮಾಯ. ಅದು ವಾಪಸ್ ಬರಲು 2023ರ ಮೇ ತಿಂಗಳಾಯಿತು. ಹತ್ತು ತಿಂಗಳು ಕೆಲಸ ಇಲ್ಲದ ವೀಸಾದಲ್ಲಿ ಕೂತಂತೆ.

ಊರಿನ ಲೆಕ್ಕ ಸಣ್ಣದು. 2024ರ ಬಿಜಿಎಂಐ ಇಂಡಿಯಾ ಸೀರೀಸ್‌ನ ಪೂರ್ತಿ ಬಹುಮಾನ 2 ಕೋಟಿ ರೂಪಾಯಿ, ಅದೂ ಹಲವು ತಂಡಗಳಿಗೆ ಹಂಚಿ. ಬಹುಮಾನದ ಮೇಲೆ ಸಾಮಾನ್ಯವಾಗಿ ಶೇ. 30 ಟಿಡಿಎಸ್. ಹೆಸರಾದ ಆಟಗಾರರು ನಿಜವಾಗಿ ಬದುಕೋದು ಕ್ಲಬ್‌ನ ಸಂಬಳ, ಯೂಟ್ಯೂಬ್ ಸ್ಟ್ರೀಮಿಂಗ್ ಮತ್ತು ಜಾಹೀರಾತಿನಿಂದ. ಅದಕ್ಕೆ ಆಟ ಬಂದರೆ ಸಾಲದು, ಮಾತೂ ಬರಬೇಕು.

ಇಲ್ಲೇ ಒಂದು ಗೊಂದಲ. ದುಡ್ಡು ಹಾಕಿ ದುಡ್ಡು ಗೆಲ್ಲುವ ಆ್ಯಪ್‌ಗಳು ಇಸ್ಪೋರ್ಟ್ಸ್ ಅಲ್ಲ. 2025ರ ಆಗಸ್ಟ್‌ನಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಅವನ್ನು ನಿಷೇಧಿಸಿ, ಇಸ್ಪೋರ್ಟ್ಸ್ ಅನ್ನು ಬೇರೆಯಾಗಿ ಮಾನ್ಯ ಮಾಡಿದೆ. ಮಗ ಅಪ್ಪನ ಕಾರ್ಡ್ ಕೇಳುತ್ತಿರುವುದು ಯಾವುದಕ್ಕೆ ಅಂತ ಮೊದಲು ತಿಳಿದುಕೊಳ್ಳಬೇಕು.

ಹುಡುಗನಿಗೆ ಕ್ಲಬ್‌ನಿಂದ ನಿಜವಾಗಿಯೇ ಕರೆ ಬಂದರೆ ಒಪ್ಪಂದ ಓದಿ. ತಿಂಗಳ ಸಂಬಳ ಎಷ್ಟು, ಬಹುಮಾನದಲ್ಲಿ ಕ್ಲಬ್‌ನ ಪಾಲೆಷ್ಟು, ಸ್ಟ್ರೀಮಿಂಗ್ ಆದಾಯ ಯಾರಿಗೆ, ಮಧ್ಯದಲ್ಲಿ ಬಿಟ್ಟರೆ ದಂಡ ಇದೆಯೇ? ಇಪ್ಪತ್ತರ ಕೊನೆಗೆ ನಿವೃತ್ತಿಯಾಗುವವರೇ ಹೆಚ್ಚಿರುವ ಈ ಕೆಲಸದಲ್ಲಿ ಸ್ವತಂತ್ರ ಗುತ್ತಿಗೆದಾರ ಅಂತ ಸಹಿ ಹಾಕಿದರೆ ಗ್ರಾಚುಟಿಯ ಮಾತೇ ಇಲ್ಲ. ಇದಕ್ಕೆ ಹೋಲಿಸಿದರೆ, 2022ರಲ್ಲಿ 150 ಕೋಟಿ ಡಾಲರ್‌ಗೆ ಇಎಸ್ಎಲ್ ಮತ್ತು ಫೇಸಿಟ್ ಕಂಪನಿಗಳನ್ನು ಕೊಂಡ ಸೌದಿಯ ಸ್ಯಾವಿ ಗೇಮ್ಸ್‌ನಂಥ ಸಂಸ್ಥೆಗಳಲ್ಲಿ ಪ್ರಸಾರ, ಸಾಫ್ಟ್‌ವೇರ್, ಈವೆಂಟ್, ಅಕೌಂಟ್ಸ್ ಕೆಲಸಗಳಿಗೆ ತಿಂಗಳ ಸಂಬಳವಿದೆ. ಅವಕ್ಕೆ ಮಾತ್ರ ಡಿಗ್ರಿ ಕೇಳ್ತಾರೆ.